ಹಳೆಯ ಜನಗಣತಿ ಮತ್ತು ವಂಶಾವಳಿ: ಅರಣ್ಯ ಹಕ್ಕಿಗಾಗಿ ಮೂರು ತಲೆಮಾರಿನ ಸಾಕ್ಷ್ಯವನ್ನು ಹುಡುಕುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಮಲೆನಾಡು ಮತ್ತು ಕರಾವಳಿ ಸೀಮೆಯ ಗ್ರಾಮಗಳಲ್ಲಿ ಅರಣ್ಯ ಹಕ್ಕಿನ ಅರ್ಜಿ ವಿಚಾರಣೆಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: "ಅರ್ಜಿದಾರರ ಅಜ್ಜ, ಮುತ್ತಜ್ಜ ಇಲ್ಲಿಯೇ ಇದ್ದರೆಂಬುದಕ್ಕೆ ದಾಖಲೆ ಏನಿದೆ?" ಈ ಪ್ರಶ್ನೆಗೆ ಉತ್ತರ ದೊರೆಯದೆ ಅರ್ಜಿಗಳು ತಿರಸ್ಕೃತವಾಗುತ್ತವೆ. ತಲೆಮಾರುಗಳಿಂದ ಕಾಡಿನ ಅಂಚಿನಲ್ಲಿ ಬಾಳಿದ ಕುಟುಂಬವೊಂದು ಒಂದು ಹಾಳೆ ಕಾಗದವಿಲ್ಲದ ಕಾರಣಕ್ಕೆ ಒತ್ತುವರಿದಾರನೆಂಬ ಹೆಸರು ಹೊರಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಅನೇಕರು ಮೊದಲು ನೆನೆಯುವುದು ಹಳೆಯ ಜನಗಣತಿಯನ್ನು. ಸರ್ಕಾರವೇ ಮನೆಮನೆಗೆ ಬಂದು ಎಣಿಸಿಕೊಂಡು ಹೋದ ಮೇಲೆ ಅಜ್ಜನ ಹೆಸರು ಅಲ್ಲಿ ಇರಲೇಬೇಕೆಂಬ ನಂಬಿಕೆ ಸಹಜವಾದುದು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ, ಜನಗಣತಿಯಿಂದ ಏನನ್ನು ಪಡೆಯಬಹುದು, ಉಳಿದುದನ್ನು ಯಾವ ದಾಖಲೆಯಲ್ಲಿ ಅರಸಬೇಕು, ದೊರೆತ ಬಿಡಿ ಕಾಗದಗಳನ್ನು ಒಂದು ವಂಶಾವಳಿಯಾಗಿ ಹೇಗೆ ಜೋಡಿಸಬೇಕು ಎಂಬುದನ್ನು ಈ ಪಾಠ ವಿವರಿಸುತ್ತದೆ.

2. "ಮೂರು ತಲೆಮಾರು" ಎಂದರೆ ಎಷ್ಟು ಕಾಲ?

2006ರ ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮವು ಹಕ್ಕುದಾರರನ್ನು ಎರಡು ವರ್ಗಗಳಾಗಿ ಗುರುತಿಸುತ್ತದೆ. ಮೊದಲನೆಯದು ಅರಣ್ಯದಲ್ಲಿ ವಾಸಿಸುವ ಅನುಸೂಚಿತ ಬುಡಕಟ್ಟುಗಳು. ಎರಡನೆಯದು ಇತರ ಪಾರಂಪರಿಕ ಅರಣ್ಯವಾಸಿಗಳು. ಮೂರು ತಲೆಮಾರಿನ ಷರತ್ತು ಇರುವುದು ಎರಡನೆಯ ವರ್ಗಕ್ಕೆ ಮಾತ್ರ. ಅನುಸೂಚಿತ ಬುಡಕಟ್ಟಿನ ಅರ್ಜಿದಾರರಿಂದ ಮುತ್ತಜ್ಜನ ಕಾಲದ ದಾಖಲೆ ಕೇಳುವುದಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ.

ಒಂದು ತಲೆಮಾರು ಎಂದರೆ 25 ವರ್ಷಗಳೆಂದು ಅಧಿನಿಯಮವೇ ಹೇಳಿದೆ. ಮೂರು ತಲೆಮಾರಿಗೆ 75 ವರ್ಷ. ಎಣಿಕೆ ಆರಂಭವಾಗುವುದು 2005ರ ಡಿಸೆಂಬರ್ 13ರಿಂದ ಹಿಂದಕ್ಕೆ. ಆದುದರಿಂದ ತಲುಪಬೇಕಾದ ದಿನ 1930ರ ಡಿಸೆಂಬರ್ 13.

ಇಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಲೆಕ್ಕ ವರ್ಷಗಳದ್ದು, ಹೆಸರುಗಳದ್ದಲ್ಲ. ವಂಶವೃಕ್ಷದಲ್ಲಿ ಮೂರು ಹೆಸರು ಬರೆದ ಮಾತ್ರಕ್ಕೆ 75 ವರ್ಷ ತುಂಬಿತೆಂದು ತಿಳಿಯಬಾರದು. ಕೆಲವು ಕುಟುಂಬಗಳಲ್ಲಿ ಅಪ್ಪ, ಅಜ್ಜ ಇಬ್ಬರಲ್ಲಿಯೇ ಆ ಕಾಲ ತುಂಬುತ್ತದೆ. ಕೆಲವೆಡೆ ಮುತ್ತಜ್ಜನವರೆಗೂ ಹೋಗಬೇಕಾಗುತ್ತದೆ. ಎರಡನೆಯದಾಗಿ, ಅಧಿನಿಯಮದ ವ್ಯಾಖ್ಯೆಯು ಮೂರು ತಲೆಮಾರಿನ ಮಾತನ್ನು ಆಡುವುದು ಅರಣ್ಯದಲ್ಲಿ ಅಥವಾ ಅರಣ್ಯ ಭೂಮಿಯಲ್ಲಿ ಮುಖ್ಯವಾಗಿ ವಾಸವಿದ್ದು ಜೀವನೋಪಾಯಕ್ಕಾಗಿ ಅದನ್ನು ಅವಲಂಬಿಸಿರುವುದರ ಬಗ್ಗೆ. ಅರ್ಜಿಯಲ್ಲಿ ಕೇಳಿದ ಅದೇ ತುಂಡು ಭೂಮಿಯನ್ನು ಮುತ್ತಜ್ಜನೇ ಉತ್ತಿರಬೇಕೆಂದು ಅದು ಹೇಳುವುದಿಲ್ಲ. ಆ ಭೂಮಿಯ ಸ್ವಾಧೀನವನ್ನು ನೋಡಬೇಕಾದುದು 2005ರ ಡಿಸೆಂಬರ್ 13ರಂದು ಇದ್ದ ಸ್ಥಿತಿಯಲ್ಲಿ.

3. ಜನಗಣತಿ ಹೇಳುವುದು ಮತ್ತು ಹೇಳದಿರುವುದು

ಬ್ರಿಟನ್ನಿನಲ್ಲಿ ಪೂರ್ವಜರನ್ನು ಹುಡುಕುವವರು ಜನಗಣತಿಯನ್ನೇ ಮೊದಲು ತೆರೆಯುತ್ತಾರೆ. ಅಲ್ಲಿ 1841ರಿಂದ ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರು ದಾಖಲಾಗಿದೆ. 1851ರಿಂದ ಮನೆಯ ಯಜಮಾನನೊಡನೆ ಅವರ ಸಂಬಂಧ ಮತ್ತು ಹುಟ್ಟಿದ ಊರು ಕೂಡ ಇದೆ. ನೂರು ವರ್ಷ ಕಳೆದ ಮೇಲೆ ಆ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುವ ಪದ್ಧತಿಯಿದ್ದು, 1921ರ ಹಾಳೆಗಳು 2022ರಲ್ಲಿ ಬಹಿರಂಗವಾದವು. ಅಲ್ಲಿಯೂ ಸರಪಣಿ ಪೂರ್ಣವಾಗಿಲ್ಲ: ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ.

ಭಾರತದ ಸ್ಥಿತಿ ಬೇರೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಗಣತಿ ನಡೆಯಿತು. ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದ ಮೊದಲ ಗಣತಿ 1881ರ ಫೆಬ್ರವರಿ 17ರದು. ಅಂದಿನಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಎಣಿಕೆ ನಡೆದುಬಂದಿತು. ಆದರೆ ಎಣಿಕೆದಾರರು ತುಂಬಿದ ಹಾಳೆಗಳ ಉದ್ದೇಶ ಕೋಷ್ಟಕ ಸಿದ್ಧಪಡಿಸುವುದು. ಕೋಷ್ಟಕಗಳು ಮುದ್ರಣವಾಗಿ ಉಳಿದವು. ಮನೆಮನೆಯ ಹಾಳೆಗಳನ್ನು ವಂಶ ಹುಡುಕಾಟಕ್ಕೆ ಒದಗುವ ಸಾರ್ವಜನಿಕ ದಾಖಲೆಯಾಗಿ ಕಾಯ್ದಿರಿಸಲಿಲ್ಲ. ಸ್ವಾತಂತ್ರ್ಯಾನಂತರದ 1948ರ ಜನಗಣತಿ ಅಧಿನಿಯಮದ 15ನೆಯ ಪ್ರಕರಣವು ಗಣತಿ ಅಧಿಕಾರಿಯ ಪುಸ್ತಕ, ರಿಜಿಸ್ಟರು ಅಥವಾ ಅನುಸೂಚಿಯನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲವೆಂದು ವಿಧಿಸಿದೆ. ಸಿವಿಲ್ ವ್ಯವಹರಣೆಗಳಲ್ಲಿ ಅವು ಸಾಕ್ಷ್ಯವಾಗಿಯೂ ಸಲ್ಲುವುದಿಲ್ಲ. ಜನರು ಅಂಜಿಕೆಯಿಲ್ಲದೆ ನಿಜ ಹೇಳಲಿ ಎಂಬುದು ಈ ಗೋಪ್ಯತೆಯ ಹಿಂದಿನ ಆಶಯ.

ಆದುದರಿಂದ "1931ರ ಜನಗಣತಿಯಲ್ಲಿ ಅಜ್ಜನ ಹೆಸರಿರುವ ಪ್ರತಿಯನ್ನು ತನ್ನಿ" ಎಂದು ಅರ್ಜಿದಾರರಿಗೆ ಹೇಳುವುದು ಅವರನ್ನು ಸಿಗದ ವಸ್ತುವಿಗಾಗಿ ಅಲೆದಾಡಿಸಿದಂತೆ. ಸದಸ್ಯರು ಇಂತಹ ಸೂಚನೆ ನೀಡಬಾರದು. ಬೇರೆ ಯಾರಾದರೂ ನೀಡಿದ್ದರೆ ಕಾನೂನಿನ ಸ್ಥಿತಿಯನ್ನು ತಿಳಿಯಪಡಿಸಬೇಕು.

ಹಾಗಿದ್ದರೂ ಅರಣ್ಯ ಹಕ್ಕು ನಿಯಮಗಳ 13ನೆಯ ನಿಯಮವು ಸಾಕ್ಷ್ಯಗಳ ಪಟ್ಟಿಯಲ್ಲಿ ಗೆಜೆಟಿಯರು, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿಗಳೊಂದಿಗೆ ಜನಗಣತಿಯನ್ನೂ ಹೆಸರಿಸಿದೆ. ಇದರಲ್ಲಿ ವಿರೋಧವಿಲ್ಲ. ಗೋಪ್ಯವಾಗಿರುವುದು ಮನೆಯ ಹಾಳೆ. ಮುದ್ರಿತ ವರದಿ ಮತ್ತು ಕೋಷ್ಟಕಗಳು ಎಲ್ಲರಿಗೂ ತೆರೆದ ಸಾರ್ವಜನಿಕ ದಾಖಲೆಗಳು. ಅವುಗಳಲ್ಲಿ ವ್ಯಕ್ತಿಯ ಹೆಸರಿಲ್ಲ. ಊರಿನ ಹೆಸರು, ಮನೆಗಳ ಸಂಖ್ಯೆ, ಜನಸಂಖ್ಯೆ ಇರಬಹುದು. "ಆ ಕಾಲದಲ್ಲಿ ಇಲ್ಲಿ ಊರೇ ಇರಲಿಲ್ಲ, ದಟ್ಟ ಕಾಡಿತ್ತು" ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇರೊಂದಿಲ್ಲ.

ಇಲ್ಲಿ ದಿನಾಂಕಗಳೂ ನೆರವಾಗುತ್ತವೆ. 1931ರ ಗಣತಿ ನಡೆದುದು ಆ ವರ್ಷದ ಫೆಬ್ರವರಿ 26ರಂದು. 1930ರ ಡಿಸೆಂಬರ್ 13ರ ನಂತರ ಎರಡೂವರೆ ತಿಂಗಳಿಗೆ. ಅದಕ್ಕೆ ಹಿಂದಿನ ಗಣತಿ 1921ರ ಮಾರ್ಚ್ 18ರದು. ಎರಡೂ ಗಣತಿಗಳಲ್ಲಿ ಜನವಸತಿಯಿದ್ದ ಊರೆಂದು ಕಾಣಿಸಿದ ಗ್ರಾಮವು ನಡುವಿನ ಆ ದಿನದಂದೂ ವಸತಿಯಿದ್ದ ಗ್ರಾಮವೇ ಎಂದು ತರ್ಕಿಸಲು ಬಲವಾದ ಆಧಾರವಾಗುತ್ತದೆ.

ಗ್ರಾಮವಾರು ಅಂಕಿಗಳು ಆ ಕಾಲದಲ್ಲಿ ಎಲ್ಲ ಪ್ರಾಂತಗಳಲ್ಲಿಯೂ ಒಂದೇ ರೀತಿಯಲ್ಲಿ ಮುದ್ರಣಗೊಳ್ಳಲಿಲ್ಲ. 1951ರಿಂದ ಜಿಲ್ಲಾ ಜನಗಣತಿ ಕೈಪಿಡಿಗಳು ಬಂದವು. ಅವುಗಳಲ್ಲಿ ಗ್ರಾಮವಾರು ವಿವರ ಸುಲಭವಾಗಿ ದೊರೆಯುತ್ತದೆ. ಹುಡುಕುವಾಗ ಎರಡು ಎಚ್ಚರಗಳು ಬೇಕು. ಒಂದು, ಕಾಡಿನೊಳಗಿನ ಮಜರೆಯನ್ನು ಪ್ರತ್ಯೇಕವಾಗಿ ತೋರಿಸದೆ ಮೂಲ ಕಂದಾಯ ಗ್ರಾಮದ ಲೆಕ್ಕದಲ್ಲಿ ಸೇರಿಸಿರಬಹುದು. ಎರಡು, ಬೇಚರಾಕ್ ಎಂದು ಕಾಣಿಸಿದ ಗ್ರಾಮದ ಜನ ಪಕ್ಕದ ಗ್ರಾಮದ ಎಲ್ಲೆಯಲ್ಲಿ ಮನೆ ಕಟ್ಟಿಕೊಂಡು ಇಲ್ಲಿನ ಕಾಡನ್ನೇ ನಂಬಿ ಬದುಕಿರಬಹುದು. ಆದುದರಿಂದ ಒಂದು ಕೋಷ್ಟಕದ ಸೊನ್ನೆಯನ್ನು ನೋಡಿ ಯಾವ ಅರ್ಜಿಯನ್ನೂ ಬದಿಗಿಡಬಾರದು.

4. ಹೆಸರು ದೊರೆಯುವ ದಾಖಲೆಗಳು

ಜನಗಣತಿಯಿಂದ ಊರು ಸಿದ್ಧವಾಯಿತು. ಇನ್ನು ಬೇಕಾದುದು ಆ ಊರಿನ ವ್ಯಕ್ತಿ. ಹೆಸರು ದೊರೆಯುವ ಮುಖ್ಯ ದಾಖಲೆಗಳು ಇವು:

(ಅ) ಶಾಲಾ ದಾಖಲಾತಿ ರಿಜಿಸ್ಟರು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ವಾಸದ ಊರು ಒಂದೇ ಸಾಲಿನಲ್ಲಿ ದೊರೆಯುವುದರಿಂದ ಎರಡು ತಲೆಮಾರನ್ನು ಬೆಸೆಯಲು ಇದು ಉಪಯುಕ್ತ.

(ಆ) ಹಳೆಯ ಮತದಾರರ ಪಟ್ಟಿ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಗಾಗಿ ತಯಾರಾದ ಪಟ್ಟಿಯಲ್ಲಿ ಇರುವವರೆಲ್ಲ ಆಗ 21 ವರ್ಷ ತುಂಬಿದವರು. ಅವರಲ್ಲಿ ನಡುವಯಸ್ಸಿನವರಾಗಿದ್ದವರು 1930ರಲ್ಲಿ ಪ್ರಾಯಕ್ಕೆ ಬಂದವರು.

(ಇ) ಕಂದಾಯ ದಾಖಲೆಗಳು. ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು, ಹಕ್ಕು ದಾಖಲೆ, ಆಕಾರ್‌ಬಂದ್, ಸರ್ವೆ ಟಿಪ್ಪಣಿ. ಅರಣ್ಯ ಭೂಮಿಗೆ ಪಹಣಿ ಇಲ್ಲದಿದ್ದರೂ ಅದೇ ಕುಟುಂಬಕ್ಕೆ ಪಕ್ಕದಲ್ಲಿ ಒಂದು ಗುಂಟೆ ಗದ್ದೆಯಿದ್ದರೆ, ಅದರ ಪೌತಿ ನಮೂದಿನಲ್ಲಿ ಸತ್ತವರ ಹೆಸರು, ವಾರಸುದಾರರ ಹೆಸರು ಎರಡೂ ದೊರೆಯುತ್ತವೆ. ವಂಶಾವಳಿಗೆ ಇದಕ್ಕಿಂತ ಗಟ್ಟಿಯಾದ ಕೊಂಡಿ ವಿರಳ.

(ಈ) ಅರಣ್ಯ ದಾಖಲೆಗಳು. ಅರಣ್ಯ ಸೆಟ್ಲ್‌ಮೆಂಟ್ ವರದಿ, ಸೊಪ್ಪಿನ ಬೆಟ್ಟ, ಕಾನು, ಕುಮ್ಕಿ, ಬಾಣೆ ಮುಂತಾದ ಸವಲತ್ತುಗಳ ಕಾಗದ, ಹಳೆಯ ದಂಡದ ರಸೀದಿ. ದಂಡ ವಿಧಿಸಿದ ರಸೀದಿಯೂ ಆ ವ್ಯಕ್ತಿ ಆ ದಿನ ಆ ಕಾಡಿನಲ್ಲಿದ್ದನೆಂಬುದನ್ನು ಹೇಳುತ್ತದೆ.

(ಉ) ಜನನ-ಮರಣ ರಿಜಿಸ್ಟರು, ನ್ಯಾಯಾಲಯದ ತೀರ್ಪು, ನೋಂದಾಯಿತ ಪತ್ರ, ಅಣೆಕಟ್ಟೆ ಮುಂತಾದ ಯೋಜನೆಗಳ ಭೂಸ್ವಾಧೀನ ಕಡತ. ಮುಳುಗಡೆಯಾದ ಊರಿನ ಕುಟುಂಬಗಳಿಗೆ ಭೂಸ್ವಾಧೀನ ಕಡತವೇ ಎಷ್ಟೋ ಸಲ ಉಳಿದಿರುವ ಏಕೈಕ ಕುರುಹು.

ಇವು ಎಲ್ಲಿರುತ್ತವೆ ಎಂಬುದನ್ನು ತಿಳಿಯಲು ಜಿಲ್ಲೆಯ ಹಳೆಯ ಆಡಳಿತವನ್ನು ನೆನಪಿಟ್ಟುಕೊಳ್ಳಬೇಕು. ಶಿವಮೊಗ್ಗ, ಚಿಕ್ಕಮಗಳೂರು ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದಕ್ಷಿಣ ಕನ್ನಡ ಮದ್ರಾಸು ಪ್ರಾಂತದಲ್ಲಿ ಉಳಿದಿತ್ತು. ಕೊಡಗು ಪ್ರತ್ಯೇಕ ಆಡಳಿತವಾಗಿತ್ತು. ಕಲಬುರಗಿ, ರಾಯಚೂರು, ಬೀದರ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರ ನಂತರವೇ ಇವೆಲ್ಲ ಒಂದು ರಾಜ್ಯವಾದವು. ಹೀಗಾಗಿ ದಾಖಲೆಯ ನಮೂನೆ, ಭಾಷೆ, ಲಿಪಿ ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಗುತ್ತದೆ. ಮೊದಲು ತಾಲ್ಲೂಕು ಕಚೇರಿಯ ಅಭಿಲೇಖಾಲಯ, ಬಳಿಕ ಭೂದಾಖಲೆಗಳ ಕಚೇರಿ, ವಲಯ ಅರಣ್ಯ ಕಚೇರಿ, ಆಮೇಲೆ ರಾಜ್ಯ ಪತ್ರಾಗಾರ ಎಂಬ ಕ್ರಮದಲ್ಲಿ ಹುಡುಕುವುದು ಅನುಕೂಲ.

5. ಹಿಂದಕ್ಕೆ ಸಾಗುವ ಕ್ರಮ: ಒಂದು ಉದಾಹರಣೆ

ವಂಶಾವಳಿ ಹುಡುಕಾಟದ ಮೊದಲ ಸೂತ್ರ ಸರಳವಾದುದು: ತಿಳಿದವರಿಂದ ತಿಳಿಯದವರ ಕಡೆಗೆ, ಇಂದಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಹಳೆಯ ಕಾಗದದಲ್ಲಿ ಕಂಡ ಯಾವುದೋ ಹೆಸರಿನಿಂದ ಆರಂಭಿಸಿ ಇಂದಿನ ಅರ್ಜಿದಾರನತ್ತ ಇಳಿಯಲು ಹೊರಟರೆ ಬೇರೆ ಕುಟುಂಬದ ಅಜ್ಜನನ್ನು ತಂದುಕೊಳ್ಳುವ ಅಪಾಯವಿದೆ.

ಪಾಠಕ್ಕಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಅರ್ಜಿದಾರನ ಹುಟ್ಟು 1962. ಶಾಲಾ ರಿಜಿಸ್ಟರಿನಲ್ಲಿ ಆತನ ತಂದೆಯ ಹೆಸರಿದೆ. ಅದೇ ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ತಂದೆಯ ದಾಖಲಾತಿ ಸಿಕ್ಕಿತು: ಹುಟ್ಟು 1934, ಜೊತೆಗೆ ಅಜ್ಜನ ಹೆಸರು, ಊರು ಅದೇ. ಮೊದಲ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಆ ಅಜ್ಜನ ಹೆಸರಿನ ಮುಂದೆ ಮುತ್ತಜ್ಜನ ಹೆಸರು, ವಯಸ್ಸು 46 ಎಂದಿದೆ. ಪಟ್ಟಿ 1950ರ ಸುಮಾರಿಗೆ ತಯಾರಾದುದರಿಂದ ಅಜ್ಜ ಹುಟ್ಟಿದುದು 1904ರ ಆಸುಪಾಸು. ಅಂದರೆ 1930ರ ಡಿಸೆಂಬರಿನಲ್ಲಿ ಆತನಿಗೆ ಸುಮಾರು 26 ವರ್ಷ.

ಇಷ್ಟರಿಂದ ಅಜ್ಜ ಆಗ ಬದುಕಿದ್ದನೆಂದು ತಿಳಿಯಿತು. ಆತ ಇದೇ ಊರಿನಲ್ಲಿದ್ದನೆಂಬುದು ಇನ್ನೂ ತಿಳಿಯಲಿಲ್ಲ. ಅದಕ್ಕಾಗಿ ಮ್ಯುಟೇಶನ್ ರಿಜಿಸ್ಟರನ್ನು ತೆರೆದಾಗ, 1927ರಲ್ಲಿ ಮುತ್ತಜ್ಜ ತೀರಿಕೊಂಡು ಆತನ ಹೆಸರಿನಲ್ಲಿದ್ದ ಎಂಟು ಗುಂಟೆ ಗದ್ದೆ ಅಜ್ಜನ ಹೆಸರಿಗೆ ಬಂದ ನಮೂದು ದೊರೆಯಿತು. ಮುತ್ತಜ್ಜ–ಅಜ್ಜ ಸಂಬಂಧ, ಊರು, 1930ಕ್ಕಿಂತ ಹಿಂದಿನ ದಿನಾಂಕ ಮೂರೂ ಒಂದೇ ಸಾಲಿನಲ್ಲಿ ಬಂದವು. ಇನ್ನು ಜನಗಣತಿಯ ಕೋಷ್ಟಕದಲ್ಲಿ ಗ್ರಾಮದ ಹೆಸರು ಮತ್ತು ಜನಸಂಖ್ಯೆ ಸಿಕ್ಕರೆ ಹಿನ್ನೆಲೆಯೂ ಪೂರ್ಣವಾಯಿತು.

ಇಲ್ಲಿ ಗಮನಿಸಬೇಕಾದುದು ಕೊಂಡಿಗಳನ್ನು. ಅರ್ಜಿದಾರ–ತಂದೆ, ತಂದೆ–ಅಜ್ಜ, ಅಜ್ಜ–ಮುತ್ತಜ್ಜ ಎಂಬ ಮೂರು ಕೊಂಡಿಗಳಿಗೂ ಪ್ರತ್ಯೇಕ ಆಧಾರವಿದೆ. ಒಂದು ಕೊಂಡಿಗೆ ಕಾಗದ ಸಿಗದಿದ್ದರೆ ಅಲ್ಲಿ ಹಿರಿಯರ ಲಿಖಿತ ಹೇಳಿಕೆಯನ್ನು ಇಡಬೇಕು. ವಂಶವೃಕ್ಷದ ನಕ್ಷೆ ಬರೆಯುವಾಗ ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಅದಕ್ಕೆ ಆಧಾರವಾದ ದಾಖಲೆಯ ಹೆಸರು, ವರ್ಷ, ಪುಟ ಸಂಖ್ಯೆ ಬರೆದರೆ ಮೇಲಿನ ಸಮಿತಿಗಳಿಗೆ ಪರಿಶೀಲನೆ ಸುಲಭವಾಗುತ್ತದೆ.

6. ಹಳೆಯ ಕಾಗದ ಓದುವಾಗ

"ಬಿನ್" ಎಂದರೆ ಇಂಥವರ ಮಗ. "ಕೋಂ" ಎಂದರೆ ಇಂಥವರ ಹೆಂಡತಿ. ಹಳೆಯ ದಾಖಲೆಗಳಲ್ಲಿ ಸಂಬಂಧವನ್ನು ಹೇಳುವುದು ಈ ಎರಡು ಚಿಕ್ಕ ಪದಗಳೇ. ಮುಂಬಯಿ ಪ್ರಾಂತದ ಪದ್ಧತಿಯ ದಾಖಲೆಗಳಲ್ಲಿ "ಅ.ಪಾ.ಕ." ಎಂದು ಕಂಡರೆ ಅಪ್ರಾಪ್ತ ವಯಸ್ಕರ ಪಾಲನಕರ್ತರ ಮೂಲಕ ದಾಖಲಾದ ಹೆಸರೆಂದು ತಿಳಿಯಬೇಕು. ಪಾಲನಕರ್ತರನ್ನು ತಂದೆಯೆಂದು ಓದಿಕೊಂಡರೆ ವಂಶವೇ ಬದಲಾಗುತ್ತದೆ. ಜನಗಣತಿಯನ್ನು ಹಳೆಯ ಕಾಗದಗಳಲ್ಲಿ "ಖಾನೇಷುಮಾರಿ" ಎಂದು ಕರೆದಿರುವುದುಂಟು.

ಕಾಲಗಣನೆಯಲ್ಲಿಯೂ ಜಾಗ್ರತೆ ಬೇಕು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆ. ಮದ್ರಾಸು ಪ್ರಾಂತದ ರೂಢಿಯಲ್ಲಿ ಫಸಲಿ 1340 ಎಂದರೆ 1930ರ ಜುಲೈಯಿಂದ 1931ರ ಜೂನ್‌ವರೆಗೆ. 1930ರ ಡಿಸೆಂಬರ್ ಅದರೊಳಗೆ ಬರುತ್ತದೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದನ್ನು ನೆನೆಯಬೇಕು. 1930–31 ಪ್ರಮೋದೂತ ಸಂವತ್ಸರ. 1870–71 ಕೂಡ ಪ್ರಮೋದೂತವೇ, 1990–91 ಕೂಡ ಅದೇ. ಕಾಗದದ ಮುದ್ರೆ, ಅಧಿಕಾರಿಯ ಹುದ್ದೆ, ನಾಣ್ಯದ ಲೆಕ್ಕ ಇವುಗಳಿಂದ ಯಾವ ಆವರ್ತನವೆಂದು ನಿರ್ಧರಿಸಬೇಕು.

ವಯಸ್ಸಿನ ಅಂಕಿಯನ್ನು ಅಕ್ಷರಶಃ ನಂಬಬಾರದು. ಹುಟ್ಟಿದ ದಿನ ತಿಳಿಯದವರು "ನಲವತ್ತು", "ನಲವತ್ತೈದು" ಎಂದು ಅಂದಾಜಿನಲ್ಲಿ ಹೇಳುತ್ತಿದ್ದರು. ಐದರ ಗುಣಕಗಳಲ್ಲಿ ವಯಸ್ಸು ಗುಂಪಾಗುವುದು ನಮ್ಮ ಜನಗಣತಿ ಕೋಷ್ಟಕಗಳಲ್ಲಿಯೂ ಕಾಣುವ ಸಂಗತಿ. ಎರಡು ದಾಖಲೆಗಳ ನಡುವೆ ನಾಲ್ಕೈದು ವರ್ಷ ವ್ಯತ್ಯಾಸ ಬಂದರೆ ಅದೊಂದನ್ನೇ ಹಿಡಿದು ಅರ್ಜಿ ಸುಳ್ಳೆನ್ನುವುದು ತರವಲ್ಲ.

ಇನ್ನೊಂದು ತೊಡಕು ಹೆಸರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಸಂಪ್ರದಾಯ ವ್ಯಾಪಕವಾಗಿರುವುದರಿಂದ ತಿಮ್ಮನ ಮಗ ರಾಮ, ರಾಮನ ಮಗ ತಿಮ್ಮ, ಮತ್ತೆ ತಿಮ್ಮನ ಮಗ ರಾಮ ಎಂದು ಸಾಲು ಸಾಗುತ್ತದೆ. "ರಾಮ ಬಿನ್ ತಿಮ್ಮ" ಎಂಬ ಎರಡು ನಮೂದುಗಳು ಐವತ್ತು ವರ್ಷ ಅಂತರದಲ್ಲಿ ಸಿಕ್ಕರೆ ಅವರು ಬೇರೆಬೇರೆ ವ್ಯಕ್ತಿಗಳಾಗಿರಬಹುದು. ದಿನಾಂಕ, ಸರ್ವೆ ನಂಬರು, ಮನೆತನದ ಹೆಸರು ಮೂರನ್ನೂ ತಾಳೆ ನೋಡಬೇಕು.

7. ಹೆಣ್ಣುಮಕ್ಕಳ ಹೆಸರು

ವಂಶವೃಕ್ಷ ಬರೆಯುವಾಗ ಗಂಡುಮಕ್ಕಳ ಹೆಸರನ್ನಷ್ಟೇ ಬರೆದು ಹೆಣ್ಣುಮಕ್ಕಳನ್ನು ಬಿಡುವ ರೂಢಿ ಇನ್ನೂ ಅಳಿದಿಲ್ಲ. ಪೂರ್ವಜರೆಂದರೆ ತಂದೆಯ ಕಡೆಯವರು ಮಾತ್ರವಲ್ಲ. ತಾಯಿ, ಅಜ್ಜಿ, ಮುತ್ತಜ್ಜಿಯರೂ ನೇರ ಪೂರ್ವಜರೇ. ಕರಾವಳಿಯ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ವಂಶ ಸಾಗಿದುದೇ ತಾಯಿಯ ಸಾಲಿನಲ್ಲಿ. ಅಳಿಯನು ಹೆಂಡತಿಯ ಊರಿಗೆ ಬಂದು ನೆಲೆಸಿದ ಕುಟುಂಬದಲ್ಲಿ ತಂದೆಯ ಕಡೆ ಹುಡುಕಿದರೆ ದಾಖಲೆಗಳು ಬೇರೆ ತಾಲ್ಲೂಕನ್ನು ತೋರಿಸುತ್ತವೆ. ತಾಯಿಯ ಕಡೆ ಹುಡುಕಿದರೆ ಇದೇ ಊರಿನ ನೂರು ವರ್ಷ ತೆರೆದುಕೊಳ್ಳಬಹುದು.

ಅರಣ್ಯ ಹಕ್ಕು ಅಧಿನಿಯಮದ 4ನೆಯ ಪ್ರಕರಣದಂತೆ ವಿವಾಹಿತರಿಗೆ ಹಕ್ಕನ್ನು ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ನೋಂದಾಯಿಸಬೇಕು. ಈ ಹಕ್ಕು ವಾರಸಾಗಿ ಮುಂದಿನವರಿಗೆ ಸಲ್ಲುತ್ತದೆ. ಇಂದು ವೃಕ್ಷದಿಂದ ಕೈಬಿಟ್ಟ ಮಗಳ ಹೆಸರು ನಾಳೆ ವಾರಸಿನ ವ್ಯಾಜ್ಯವಾಗಿ ಮರಳಿ ಬರುತ್ತದೆ. ಸದಸ್ಯರು ವೃಕ್ಷದ ಪ್ರತಿಯೊಂದು ಹಂತದಲ್ಲಿಯೂ "ಹೆಣ್ಣುಮಕ್ಕಳು ಎಷ್ಟು ಜನ? ಅವರ ಹೆಸರೇನು?" ಎಂದು ಕೇಳುವುದನ್ನು ನಿಯಮವಾಗಿ ಇಟ್ಟುಕೊಳ್ಳಬೇಕು.

8. ಹಿರಿಯರ ಮಾತು, ಹೆಳವರ ಹೊತ್ತಗೆ

ಕಾಗದವಿಲ್ಲದ ಕುಟುಂಬಗಳೂ ಇವೆ. ಅವರಿಗೂ ಕಾಯ್ದೆಯಲ್ಲಿ ದಾರಿಯಿದೆ. 13ನೆಯ ನಿಯಮವು ಬಾವಿ, ಸ್ಮಶಾನ, ದೇವರ ಬನದಂತಹ ಪುರಾತನ ಕುರುಹುಗಳನ್ನು, ಹಳೆಯ ದಾಖಲೆಯಲ್ಲಿ ಕಂಡವರೊಂದಿಗೆ ಅಥವಾ ಹಿಂದೆ ಊರಿನ ನಿವಾಸಿಗಳೆಂದು ಗುರುತಿಸಲ್ಪಟ್ಟವರೊಂದಿಗೆ ಸಂಬಂಧ ತೋರಿಸುವ ವಂಶಾವಳಿಯನ್ನು, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನು ಸಾಕ್ಷ್ಯವೆಂದು ಒಪ್ಪುತ್ತದೆ.

ಹೇಳಿಕೆ ಬರೆಯುವಾಗ "ಇವರು ಬಹಳ ಕಾಲದಿಂದ ಇದ್ದಾರೆ" ಎಂಬ ಒಂದು ಸಾಲಿನಿಂದ ಪ್ರಯೋಜನ ಕಡಿಮೆ. ಹಿರಿಯರ ವಯಸ್ಸು, ಅವರು ಕಣ್ಣಾರೆ ಕಂಡದ್ದು ಯಾವುದು, ತಮ್ಮ ತಂದೆತಾಯಿಯಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ಅರ್ಜಿದಾರನ ಅಜ್ಜನ ಮನೆ ಯಾವ ಜಾಗದಲ್ಲಿತ್ತು, ಯಾರ ಮನೆಯ ಪಕ್ಕ, ಯಾವ ಬಾವಿಯ ನೀರು, ಸತ್ತಾಗ ಎಲ್ಲಿ ಮಣ್ಣು ಮಾಡಿದರು ಎಂಬ ವಿವರಗಳು ಸ್ಥಳ ಪರಿಶೀಲನೆಯಲ್ಲಿ ತಾಳೆಯಾಗುತ್ತವೆ. ಬರೆದುದನ್ನು ಹಿರಿಯರಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಸಾಕ್ಷಿಗಳ ಸಹಿಯನ್ನೂ ಹಾಕಿಸುವುದು ಒಳ್ಳೆಯದು. 1930ರ ದಶಕದಲ್ಲಿ ಹುಟ್ಟಿದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರೊಡನೆ ಹೋಗುವ ನೆನಪು ಯಾವ ಅಭಿಲೇಖಾಲಯದಲ್ಲಿಯೂ ಮತ್ತೆ ಸಿಗುವುದಿಲ್ಲ. ಅರ್ಜಿ ಬರುವವರೆಗೆ ಕಾಯದೆ ಊರಿನ ಹಿರಿಯರ ಹೇಳಿಕೆಗಳನ್ನು ಮುಂಚಿತವಾಗಿ ಬರೆಸಿಡುವುದು ವಿವೇಕ.

ಹೆಳವರು ಬರುವ ಸೀಮೆಗಳಲ್ಲಿ ಇನ್ನೊಂದು ಮೂಲವಿದೆ. ಒಕ್ಕಲು ಮನೆಗಳಿಗೆ ತಲೆಮಾರುಗಳಿಂದ ಬಂದು ವಂಶವನ್ನು ಹೇಳುವ, ಹೊಸ ಹೆಸರುಗಳನ್ನು ಹೊತ್ತಗೆಯಲ್ಲಿ ಸೇರಿಸಿಕೊಂಡು ಹೋಗುವ ಈ ಸಮುದಾಯದ ಬಳಿ ಸರ್ಕಾರಿ ದಾಖಲೆಗಿಂತ ಹಿಂದಿನ ಹೆಸರುಗಳೂ ಇರುತ್ತವೆ. ಅವುಗಳನ್ನು ಸುಳಿವಾಗಿ ಬಳಸಿಕೊಂಡು ಇತರ ದಾಖಲೆಗಳೊಂದಿಗೆ ಹೋಲಿಸಿ ದೃಢಪಡಿಸಿಕೊಳ್ಳಬೇಕು.

9. ಗ್ರಾಮ ಪಂಚಾಯತಿ ಸದಸ್ಯರ ಹೊಣೆ

ಗ್ರಾಮ ಸಭೆಯನ್ನು ಕರೆಯುವುದು ಗ್ರಾಮ ಪಂಚಾಯತಿ. ಹತ್ತರಿಂದ ಹದಿನೈದು ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುವುದು ಗ್ರಾಮ ಸಭೆ. ಸಮಿತಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಭೆಯ ಕೋರಂ ಒಟ್ಟು ಸದಸ್ಯರ ಅರ್ಧಕ್ಕಿಂತ ಕಡಿಮೆಯಾಗಬಾರದು. ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಹಕ್ಕುಗಳ ಬಗ್ಗೆ ನಿರ್ಣಯ ಕೈಗೊಳ್ಳುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು.

ಸಾಕ್ಷ್ಯದ ವಿಷಯದಲ್ಲಿ ಸದಸ್ಯರು ನೆನಪಿಡಬೇಕಾದ ಅಂಶಗಳು:

(1) ಅರ್ಜಿಯೊಂದಿಗೆ 13ನೆಯ ನಿಯಮದ ಪಟ್ಟಿಯಿಂದ ಕನಿಷ್ಠ ಎರಡು ಸಾಕ್ಷ್ಯಗಳು ಬೇಕು. ಇಂತಹ ದಾಖಲೆಯೇ ಬೇಕೆಂದು ಉಪವಿಭಾಗ ಅಥವಾ ಜಿಲ್ಲಾ ಮಟ್ಟದ ಸಮಿತಿ ಪಟ್ಟು ಹಿಡಿಯುವಂತಿಲ್ಲವೆಂದು ನಿಯಮವೇ ಹೇಳಿದೆ.

(2) ಒತ್ತುವರಿದಾರರ ಪಟ್ಟಿ, ದಂಡದ ರಸೀದಿ ಮುಂತಾದ ಹಿಂದಿನ ಕಾಗದಗಳು ಇರುವುದಾಗಲಿ ಇಲ್ಲದಿರುವುದಾಗಲಿ ತಿರಸ್ಕಾರಕ್ಕೆ ಏಕೈಕ ಕಾರಣವಾಗಬಾರದು.

(3) ಅರಣ್ಯ ಮತ್ತು ಕಂದಾಯ ನಕ್ಷೆಗಳನ್ನು, ಮತದಾರರ ಪಟ್ಟಿಗಳನ್ನು ಗ್ರಾಮ ಸಭೆಗೆ ಒದಗಿಸುವುದು ಉಪವಿಭಾಗ ಮಟ್ಟದ ಸಮಿತಿಯ ಕರ್ತವ್ಯ. ಇತರ ದಾಖಲೆಗಳ ದೃಢೀಕೃತ ಪ್ರತಿಯನ್ನು ಸಂಬಂಧಿಸಿದ ಕಚೇರಿಯಿಂದ ಗ್ರಾಮ ಸಭೆ ಅಥವಾ ಸಮಿತಿ ಲಿಖಿತವಾಗಿ ಕೇಳಬಹುದು. ಒಬ್ಬೊಬ್ಬ ಅರ್ಜಿದಾರನೂ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಸಮಿತಿಯು ಊರಿಗೆಲ್ಲ ಒಂದೇ ಪತ್ರ ಬರೆದು 1931ರ ಸುತ್ತಮುತ್ತಲಿನ ಮ್ಯುಟೇಶನ್ ರಿಜಿಸ್ಟರು, ಮೊದಲ ಮತದಾರರ ಪಟ್ಟಿ, ಸೆಟ್ಲ್‌ಮೆಂಟ್ ವರದಿಗಳನ್ನು ತರಿಸಿಕೊಂಡರೆ ಎಲ್ಲ ಕುಟುಂಬಗಳಿಗೂ ಪ್ರಯೋಜನವಾಗುತ್ತದೆ.

(4) ಒಂದು ಕುಟುಂಬದ ದಾಖಲೆ ಹಲವರಿಗೆ ಆಧಾರವಾಗಬಹುದು. ಒಬ್ಬನೇ ಮುತ್ತಜ್ಜನ ಸಂತಾನವಾದ ಹತ್ತು ಮನೆಗಳು ಹತ್ತು ಬೇರೆ ವೃಕ್ಷಗಳನ್ನು ಬರೆದು ಒಂದಕ್ಕೊಂದು ವಿರುದ್ಧವಾದರೆ ಹತ್ತೂ ಅರ್ಜಿಗಳು ಕೆಡುತ್ತವೆ. ಮನೆತನಕ್ಕೊಂದು ವೃಕ್ಷವನ್ನು ಎಲ್ಲರ ಸಮ್ಮುಖದಲ್ಲಿ ಸಿದ್ಧಪಡಿಸಬೇಕು.

(5) ತಿರಸ್ಕರಿಸುವುದಾದರೆ ಕಾರಣ ಲಿಖಿತವಾಗಿರಬೇಕು, ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಗ್ರಾಮ ಸಭೆಯ ನಿರ್ಣಯದ ವಿರುದ್ಧ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆಯೆಂಬುದನ್ನೂ ಹೇಳಬೇಕು.

(6) ಎರವಲು ಅಜ್ಜನನ್ನು ತಂದು ವೃಕ್ಷ ಕಟ್ಟುವುದಕ್ಕೆ ಯಾರೂ ನೆರವಾಗಬಾರದು. ಒಂದು ಸುಳ್ಳು ವೃಕ್ಷ ಬಯಲಾದರೆ ಆ ಗ್ರಾಮದ ನಿಜವಾದ ಅರ್ಜಿಗಳ ಮೇಲೂ ಸಂಶಯ ಬೀಳುತ್ತದೆ.

(7) ಹುಡುಕಾಟದಲ್ಲಿ ದತ್ತು, ಎರಡನೆಯ ಮದುವೆ, ಕುಟುಂಬದ ಹಳೆಯ ವ್ಯಾಜ್ಯ ಮುಂತಾದ ಸಂಗತಿಗಳು ತಿಳಿದುಬರಬಹುದು. ಹಕ್ಕಿನ ನಿರ್ಣಯಕ್ಕೆ ಬೇಡದ ವಿವರವನ್ನು ಸಭೆಯಲ್ಲಿ ಚರ್ಚೆಗೆ ತರಬಾರದು.

10. ಚರ್ಚೆಗೆ ಪ್ರಶ್ನೆಗಳು

1. ಜನಗಣತಿಯ ಮನೆವಾರು ಹಾಳೆಗೂ ಮುದ್ರಿತ ಕೋಷ್ಟಕಕ್ಕೂ ಕಾನೂನಿನಲ್ಲಿ ಇರುವ ವ್ಯತ್ಯಾಸವೇನು?

2. ತಮ್ಮ ಗ್ರಾಮ 1930ರಲ್ಲಿ ಯಾವ ಪ್ರಾಂತ ಅಥವಾ ಸಂಸ್ಥಾನಕ್ಕೆ ಸೇರಿತ್ತು? ಆ ಕಾಲದ ದಾಖಲೆಗಳು ಈಗ ಯಾವ ಕಚೇರಿಯಲ್ಲಿವೆ?

3. ಗ್ರಾಮದ ಅತ್ಯಂತ ಹಳೆಯ ಶಾಲೆ ಯಾವುದು? ಅದರ ಮೊದಲ ದಾಖಲಾತಿ ರಿಜಿಸ್ಟರು ಸುರಕ್ಷಿತವಾಗಿದೆಯೇ?

4. ಮತದಾರರ ಪಟ್ಟಿಯಲ್ಲಿ 1950ರಲ್ಲಿ 38 ವಯಸ್ಸೆಂದು ಕಂಡ ವ್ಯಕ್ತಿಗೆ 1930ರ ಡಿಸೆಂಬರಿನಲ್ಲಿ ಎಷ್ಟು ವಯಸ್ಸು? ಆತ ಆಗ ಈ ಊರಿನಲ್ಲಿದ್ದನೆಂದು ತೋರಿಸಲು ಇನ್ನೇನು ಬೇಕು?

5. ಗ್ರಾಮದಲ್ಲಿ 85 ವರ್ಷ ದಾಟಿದ ಹಿರಿಯರು ಎಷ್ಟು ಜನರಿದ್ದಾರೆ? ಅವರಲ್ಲಿ ಎಷ್ಟು ಜನರ ಹೇಳಿಕೆ ಈಗಾಗಲೇ ಬರಹದಲ್ಲಿದೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಸೇರಿಸುವುದು ಅಪೇಕ್ಷಣೀಯ.